ಕುಗ್ಗಿದ ನೀಹಾರಿಕೆ

ನಮ್ಮ ಚಿಕ್ಕಮ್ಮ ವೀಕ್ಷಣಾಲಯದ ಕತ್ತಲೆಕೋಣೆಯಲ್ಲಿ ಆಕಾಶದ ಚಿತ್ರಗಳನ್ನು ತೊಳೆದು ಮುದ್ರಿಸುವವಳು. ಚಿಕ್ಕಪ್ಪನೂ ಅಲ್ಲೇ, ಅದೇ ಕೆಲಸದಲ್ಲಿದ್ದ. ಅವನ ಕೆಲಸದಲ್ಲಿ ಹುಳುಕು ಹುಡುಕುವ ಹಕ್ಕು ಅವನು ಬದುಕಿದ್ದಾಗ ಪೂರ್ತಿ ಚಿಕ್ಕಮ್ಮನದು, ಧಾರಾಳವಾಗಿ ಬಳಸಿದಳು. ಅವನು ತೀರಿಕೊಂಡ ಮೇಲೂ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಅವನು ಮಾಡಿದ್ದರಲ್ಲಿ ಉಳಿದದ್ದು ಒಂದೇ ಚಿತ್ರ, ಪಾರದರ್ಶಕ ಹಾಳೆಯ ಮೇಲೆ ಹಿಗ್ಗಿಸಿ ಮುದ್ರಿಸಿದ್ದು. ಮೂಲ ಚಿತ್ರ ಮೂಡಿದ್ದ ಗಾಜಿನ ಫಲಕ ಎಂದೋ ಒಡೆದುಹೋಗಿತ್ತು. ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ನೀಹಾರಿಕೆ ಅದು, ನಡುವಿಗೆ ದಾರ ಬಿಗಿದ ದಿಂಬಿನ ಹಾಗೆ. ನಡುವಿನ ದೂಳಿನ ಪಟ್ಟಿ ದಾರಿ ಬಿಡದ್ದರಿಂದ ಅನಿಲ ಎರಡೂ ತುದಿಗೆ ನುಗ್ಗುತ್ತದಂತೆ.

ವರ್ಷಗಳ ಮೇಲೆ ಅದೇ ನೀಹಾರಿಕೆಯ ಹೊಸ ಚಿತ್ರ ಬಂತು. ಹಿಗ್ಗಿಸುವ ಯಂತ್ರದ ತಲೆಯನ್ನು ಹಳೆಯ ಚಿತ್ರಕ್ಕೆ ಬಳಸಿದ ಎತ್ತರದ ಗುರುತಿಗೇ ನಿಲ್ಲಿಸಿ ಮುದ್ರಿಸಿದ ಚಿಕ್ಕಮ್ಮ, ಹೊಸದರ ಮೇಲೆ ಹಳೆಯ ಪಾರದರ್ಶಕ ಹಾಳೆಯನ್ನು ಇಟ್ಟು ನೋಡಿದಳು. ಎರಡೂ ಉಬ್ಬಿನೊಳಗಿನ ಅನಿಲದ ಗಂಟುಗಳು ಇಷ್ಟರಲ್ಲಿ ಹೊರಕ್ಕೆ ಸರಿದಿರಬೇಕಿತ್ತು. ಒಳಕ್ಕೆ ಸರಿದಿದ್ದವು!

“ಉಗುಳಿದ್ದು ಬಾಯಿಗೆ ವಾಪಸ್ ಬರಲ್ಲಮ್ಮ,” ಅಂದರು ವೀಕ್ಷಣಾಲಯದ ಮುಖ್ಯಸ್ಥರು. “ಹಳೇದು ಸರಿಯಿಲ್ಲ. ಎಸೆದುಬಿಡೋಣ.”

“ನಮ್ಮೆಜಮಾನ್ರು ಗುರುತು ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋದೋರಲ್ಲ.”

“ಹಾಗಾದ್ರೆ ಸುತ್ತಲಿನ ನಕ್ಷತ್ರಗಳನ್ನ ಅಳೀರಿ. ಅವು ತುಂಬಾ ದೂರದವು, ಕದಲಿರಲ್ಲ.”

ಅಳೆದಳು. ನಕ್ಷತ್ರಗಳೂ ಒಂದಕ್ಕೊಂದು ಹತ್ತಿರ ಬಂದಿದ್ದವು. ಇಡೀ ಆಕಾಶ ಕುಗ್ಗುವುದುಂಟೇ? ಹಳೆಯ ಮುದ್ರಣವೇ ತುಸು ದೊಡ್ಡದು. ಯಾಕೆಂದು ಚಿಕ್ಕಮ್ಮನಿಗೆ ಆ ಕ್ಷಣವೇ ಹೊಳೆಯಿತು. ಆ ಕಾಲದಲ್ಲಿ ಯಂತ್ರದ ತಲೆ ಕೆಳಕ್ಕೆ ಜಾರುತ್ತಿತ್ತು. ಚಿಕ್ಕಪ್ಪ ಅದರಡಿ ಮಡಚಿದ ರಟ್ಟು ತುರುಕುತ್ತಿದ್ದ. ರಟ್ಟಿನಿಂದ ತಲೆ ಗುರುತು ದಾಟಿ ಮೇಲೇರಿತ್ತು, ತಲೆ ಎತ್ತರವಾದಷ್ಟೂ ಚಿತ್ರ ದೊಡ್ಡದಾಗುತ್ತದೆ. ಮನೆಯಲ್ಲೂ ಅಷ್ಟೇ, ಕುಂಟುವ ಮೇಜಿಗೆ, ಬಡಿಯುವ ಕಿಟಕಿಗೆ, ಎಲ್ಲಕ್ಕೂ ರಟ್ಟೇ ಮದ್ದು.

ಹೇಳಿದರೆ ಅವನ ಹೆಸರು ಹೋಗುತ್ತದೆ, ಹೇಳದಿದ್ದರೆ ಚಿತ್ರ ಕಸಕ್ಕೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

“ಸತ್ತೋರ ಮೇಲೆ ಚಾಡಿ ಹೇಳ್ಲೇನೇ?” ಎಂದು ಮನೆಯಲ್ಲಿ ನನ್ನನ್ನು ಕೇಳಿದಳು. ಕಣ್ಣಲ್ಲಿ ನೀರಿತ್ತು.

“ಬದುಕಿದ್ದಾಗ ಎದುರಿಗೇ ಹೇಳ್ತಿದ್ದೆಯಲ್ಲ,” ಅಂದೆ. ಬೈದಳು, ಆಮೇಲೆ ನಕ್ಕಳು. ನನಗೂ ಅಳು ಬಂತು.

ಮರುದಿನ ಮುಖ್ಯಸ್ಥರಿಗೆ ಎಲ್ಲ ಹೇಳಿದಳು. ಹೇಳಿ ಸುಮ್ಮನಿರಲಿಲ್ಲ, ಒಂದು ರಟ್ಟು ಮಡಚಿ ಯಂತ್ರದಡಿ ತುರುಕಿ ಹೊಸ ಚಿತ್ರವನ್ನು ಮತ್ತೆ ಮುದ್ರಿಸಿದಳು. ಸರಿಬರಲಿಲ್ಲ. ಇನ್ನೊಂದು ಮಡಿಕೆ ಹಾಕಿದಳು. ಈ ಸಲ ನಕ್ಷತ್ರದ ಮೇಲೆ ನಕ್ಷತ್ರ ಕೂತಿತು. ಅನಿಲದ ಗಂಟುಗಳು ಮಾತ್ರ ಕೂರಲಿಲ್ಲ. ಎರಡೂ ಕಡೆ ಹೊರಕ್ಕೆ ಸರಿದಿದ್ದವು, ನಡುವಿಗೆ ಹತ್ತಿರದವು ಸ್ವಲ್ಪ, ದೂರದವು ಹೆಚ್ಚು. ವೇಗದವು ಮುಂದೆ, ನಿಧಾನದವು ಹಿಂದೆ. ಎಲ್ಲವೂ ಹೊರಟದ್ದು ಒಟ್ಟಿಗೇ ಇರಬೇಕು ಎಂದರು ಮುಖ್ಯಸ್ಥರು. ಹಳೆಯ ಚಿತ್ರವನ್ನು ಎಸೆಯುವ ಮಾತು ಅಲ್ಲಿಗೆ ಮುಗಿಯಿತು.

“ಹಳೇ ಚಿತ್ರಕ್ಕೆ ಯಂತ್ರದ ಎತ್ತರ ಏನಂತ ಬರೀಲಿ?” ಎಂದು ಕೇಳಿದರು.

“ಗುರುತಿನ ಎತ್ತರ, ಜೊತೆಗೆ ಒಂದು ರಟ್ಟು ಅಂತ ಬರೀರಿ,” ಅಂದಳು ಚಿಕ್ಕಮ್ಮ. “ಪಕ್ಕದಲ್ಲಿ ನಮ್ಮೆಜಮಾನ್ರ ಹೆಸರು ಹಾಕಿ. ದೊಡ್ಡದಾಗಿ.”