ಸ್ಕಾರ್ಫಿನ ತುದಿಯ ಗಂಟು

ನನ್ನ ತಂಗಿ ತೀರಿಕೊಂಡ ದಿನ ಅವಳು ಯಾರಿಗೆ ಏನು ಉಪಕಾರ ಮಾಡಿದ್ದಳು ಎಂದು ತಿಳಿದುಕೊಳ್ಳಲು ನಾನು ಆ ಚಳಿಗಾಲವೆಲ್ಲ ಅಲೆದೆ. ಹೀಗೆ ಬರೆದರೆ ವಿಚಿತ್ರವಾಗಿ ಕಾಣುತ್ತದೆ. ಶಾಲೆಯಲ್ಲಿ ಸ್ಕೌಟೋ ಗೈಡೋ ಆಗಿದ್ದವರಿಗೆ ಅಷ್ಟು ವಿಚಿತ್ರ ಅನ್ನಿಸಲಾರದು.

ಗುಂಡ್ಲುಪೇಟೆಯ ನಮ್ಮ ಶಾಲೆಯ ಗೈಡ್ಸ್ ದಳದಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಸ್ಕಾರ್ಫ್ ಹಾಕಿಕೊಳ್ಳುವಾಗ ಎದೆಯ ಮೇಲೆ ಇಳಿಬೀಳುವ ತುದಿಗೆ ಒಂದು ಸಣ್ಣ ಗಂಟು ಹಾಕಬೇಕು. ಆ ದಿನ ಯಾರಿಗಾದರೂ ಒಂದು ಒಳ್ಳೆಯ ಕೆಲಸ ಮಾಡಿದ ಮೇಲಷ್ಟೇ ಅದನ್ನು ಬಿಚ್ಚಬೇಕು. ಸಮವಸ್ತ್ರ ಇಲ್ಲದ ದಿನ ಕರವಸ್ತ್ರದ ಮೂಲೆಗೆ ಗಂಟು. ಏನು ಮಾಡಿದೆ ಎಂದು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅದು ಲೆಕ್ಕಕ್ಕಿಲ್ಲ.

ಇದನ್ನು ನನಗೆ ಕಲಿಸಿದವರು ನಮ್ಮ ಗೈಡ್ಸ್ ಮೇಡಂ. ತಂಗಿಗೆ ಕಲಿಸಿದವಳು ನಾನು. ನಮ್ಮಿಬ್ಬರ ನಡುವೆ ಹನ್ನೊಂದು ವರ್ಷದ ಅಂತರ. ಅವಳು ಗೈಡ್ ಆಗುವಷ್ಟರಲ್ಲಿ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಚಾಮರಾಜನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ವಾರವೆಲ್ಲ ಅಲ್ಲೇ ಒಂದು ಕೋಣೆಯಲ್ಲಿದ್ದು, ಶನಿವಾರ ಸಂಜೆ ತೆರಕಣಾಂಬಿ ದಾರಿಯ ಬಸ್ಸು ಹಿಡಿದು ಬೇಗೂರಿನ ಮನೆಗೆ ಬರುತ್ತಿದ್ದೆ. ನಾನು ಬರುವುದನ್ನೇ ಅವಳು ಕಾಯುತ್ತಿದ್ದಳು. ಪ್ರೀತಿಗಷ್ಟೇ ಅಲ್ಲ. ಕೆಲವು ಭಾನುವಾರ ಮಧ್ಯಾಹ್ನವಾದರೂ ಅವಳ ಕರವಸ್ತ್ರದ ಗಂಟು ಹಾಗೇ ಇರುತ್ತಿತ್ತು. ಆಗ ನನ್ನ ಪಕ್ಕ ಬಂದು ಕೂರುತ್ತಿದ್ದಳು.

"ಅಕ್ಕ, ನಿಂಗೆ ತಲೆನೋವಿಲ್ವಾ?"

ಇಲ್ಲ ಎಂದರೆ, ಸ್ವಲ್ಪವೂ ಇಲ್ಲವಾ ಎಂದು ಮತ್ತೆ ಕೇಳುತ್ತಿದ್ದಳು. ಬೇಗೂರಿನಲ್ಲಿ ಅಪ್ಪಾಜಿಯದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಅವರು ಊಟಕ್ಕೆ ಬಂದಾಗ ಇದನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ. "ನೋಡಮ್ಮಿ, ನಿನ್ ತಂಗಿ ಉಪಕಾರ ಮಾಡಕ್ಕೆ ಗಿರಾಕಿ ಹುಡುಕ್ತಾ ಕುಂತವ್ಳೆ. ನನ್ ಅಂಗ್ಡೀಗೂ ಇಂಗೇ ಒಬ್ರು ಬೇಕಾಗಿತ್ತು" ಎನ್ನುತ್ತಿದ್ದರು. ಅವಳು ಸಿಟ್ಟು ಮಾಡಿಕೊಂಡು ಹಿತ್ತಿಲಿಗೆ ಹೋಗಿ ಅವ್ವನ ಕೈಯಿಂದ ಕೊಡ ಕಿತ್ತುಕೊಳ್ಳುತ್ತಿದ್ದಳು. ಅವ್ವನಿಗೆ ಈ ಗಂಟಿನ ವಿಷಯ ಗೊತ್ತಿರಲಿಲ್ಲ. ಅಪ್ಪಾಜಿಗೆ ಹೇಳಿದ್ದನ್ನು ಅವ್ವನಿಗೆ ಏಕೆ ಹೇಳಲಿಲ್ಲವೋ. ಬಹುಶಃ ದಿನದ ಉಪಕಾರಗಳಲ್ಲಿ ಹೆಚ್ಚಿನವು ಅವ್ವನಿಗೇ ಸಲ್ಲುತ್ತಿದ್ದವು ಎಂದಿರಬೇಕು.

ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದವಳು ಬೇಗೂರಿನಲ್ಲಿ ಬಸ್ಸಿಳಿದು ಹೆದ್ದಾರಿ ದಾಟುತ್ತಿದ್ದಳು. ಊಟಿ ಕಡೆಯಿಂದ ಬಂದ ಕಾರು. ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ನಾನು ಗುಂಡ್ಲುಪೇಟೆಯ ಆಸ್ಪತ್ರೆ ತಲುಪುವ ಹೊತ್ತಿಗೆ ಅಪ್ಪಾಜಿ ಹೊರಗಿನ ಬೆಂಚಿನ ಮೇಲೆ ಅವಳ ಶಾಲೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಅದನ್ನು ನನ್ನ ಕೈಗೆ ಕೊಟ್ಟರು, ನಾನು ಅದಕ್ಕಾಗಿಯೇ ಬಂದವಳೆಂಬಂತೆ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ನಾನು ಆ ಬ್ಯಾಗನ್ನು ತೆರೆದೆ. ಪುಸ್ತಕಗಳ ಮೇಲೆ ಅವಳ ಕಡುಗೆಂಪು ಸ್ಕಾರ್ಫು ಮಡಿಸಿಟ್ಟಿತ್ತು. ಬಸ್ಸಿನಲ್ಲಿ ಸೆಕೆ ಎಂದು ಅದನ್ನು ತೆಗೆದು ಬ್ಯಾಗಿಗೆ ಹಾಕಿಕೊಳ್ಳುವುದು ಅವಳ ರೂಢಿ. ನಾನು ಎರಡೂ ತುದಿಗಳನ್ನು ನೋಡಿದೆ. ಗಂಟು ಇರಲಿಲ್ಲ.

ಅಂದರೆ ಅಂದು ಬೆಳಿಗ್ಗೆಯೇ ಅವಳು ಯಾರಿಗೋ ಏನೋ ಮಾಡಿ ಮುಗಿಸಿದ್ದಳು. ಈ ಭೂಮಿಯ ಮೇಲೆ ಅವಳ ಕೊನೆಯ ಕೆಲಸ ಅದು, ಅದನ್ನು ಪಡೆದವರು ಯಾರೋ ಇಲ್ಲೇ ಗುಂಡ್ಲುಪೇಟೆಯಲ್ಲೋ ಬೇಗೂರಿನಲ್ಲೋ ಓಡಾಡಿಕೊಂಡಿದ್ದಾರೆ, ಅವರಿಗೆ ಅದು ಏನೆಂದೇ ಗೊತ್ತಿಲ್ಲದಿರಬಹುದು. ನನಗೆ ಅವರು ಬೇಕಾಗಿದ್ದರು. ಆ ಹೊತ್ತಿನಲ್ಲಿ ನನಗೆ ಬೇರೇನೂ ಬೇಕಿರಲಿಲ್ಲ.

ಮೇಡಂ ನಮಗೆ ಈ ಸ್ಕೌಟ್ ಚಳವಳಿಯ ಕಥೆಯನ್ನು ಹೇಳುತ್ತಿದ್ದ ರೀತಿ ನೆನಪಿದೆ. ಮುತ್ತಿಗೆಗೆ ಸಿಕ್ಕಿದ ಊರೊಂದರಲ್ಲಿ ಸೈಕಲ್ಲಿನ ಮೇಲೆ ಸುದ್ದಿ ಒಯ್ಯುತ್ತಿದ್ದ ಹುಡುಗರನ್ನು ಕಂಡ ಒಬ್ಬ ಸೇನಾಧಿಕಾರಿ, ಯುದ್ಧವಿಲ್ಲದ ಕಾಲಕ್ಕೂ ಹುಡುಗರಿಗೆ ಇಂಥ ಹೊಣೆ ಕೊಡಬಹುದಲ್ಲ ಎಂದು ಯೋಚಿಸಿದ. ಶ್ರೀಮಂತರ ಮಕ್ಕಳನ್ನೂ ಕೂಲಿಗಾರರ ಮಕ್ಕಳನ್ನೂ ಒಂದು ದ್ವೀಪಕ್ಕೆ ಕರೆದೊಯ್ದು ಒಂದೇ ಗುಡಾರದಲ್ಲಿ ಮಲಗಿಸಿದ. ಆಮೇಲೆ ಹುಡುಗರ ದೊಡ್ಡ ಸಮಾವೇಶವೊಂದಕ್ಕೆ ಕೆಲವು ಹುಡುಗಿಯರು ಕರೆಯದೆಯೇ ಬಂದು, ನಾವೂ ಸ್ಕೌಟುಗಳೇ ಎಂದು ನಿಂತರು. ಗೈಡ್ಸ್ ಹುಟ್ಟಿದ್ದು ಹಾಗೆ. ನಮ್ಮ ದೇಶದಲ್ಲಿ ಮೊದಮೊದಲು ಬ್ರಿಟಿಷರು ನಮ್ಮ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಎಲ್ಲರಿಗೂ ಸೋದರ ಎಂದು ಪ್ರಮಾಣ ಮಾಡುವವರು ಬಾಗಿಲು ಹಾಕಿಕೊಂಡಿದ್ದರು ಎಂದು ಮೇಡಂ ಒತ್ತಿ ಹೇಳುತ್ತಿದ್ದರು. ನಮ್ಮವರು ತಾವೇ ದಳಗಳನ್ನು ಕಟ್ಟಿಕೊಂಡರು. ಎರಡೂ ಒಂದಾದದ್ದು ಸ್ವಾತಂತ್ರ್ಯ ಬಂದ ಮೇಲೆ.

ಅವರು ಕೊನೆಗೆ ಹೇಳುತ್ತಿದ್ದದ್ದು ಮಂಜಿನ ಕಥೆ. ಲಂಡನ್ನಿನ ಮಂಜಿನಲ್ಲಿ ದಾರಿ ತಪ್ಪಿದ ಪರದೇಶದ ವರ್ತಕನನ್ನು ಒಬ್ಬ ಹುಡುಗ ಅವನಿಗೆ ಬೇಕಾದ ವಿಳಾಸಕ್ಕೆ ಮುಟ್ಟಿಸಿದ. ಕೊಟ್ಟ ಇನಾಮನ್ನು ಬೇಡವೆಂದ. ನಾನು ಸ್ಕೌಟ್, ಉಪಕಾರಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಮಂಜಿನಲ್ಲಿ ಮರೆಯಾದ. ವರ್ತಕ ತನ್ನ ದೇಶಕ್ಕೆ ಹೋಗಿ ಅಲ್ಲಿ ಸ್ಕೌಟಿಂಗ್ ಶುರುಮಾಡಿದ. ಆ ಹುಡುಗ ಯಾರೆಂದು ಇಂದಿಗೂ ಯಾರಿಗೂ ತಿಳಿಯದು. ಇದರಲ್ಲಿ ಎಷ್ಟು ನಿಜವೋ, ಎಷ್ಟು ಬೆಳೆದದ್ದೋ. ಶಾಲೆಯಲ್ಲಿದ್ದಾಗ ನನಗೆ ಬಹಳ ಹಿಡಿಸಿದ್ದ ಕಥೆ. ಈಗ ನನಗೆ ಆ ಹುಡುಗನ ಮನೆಯವರ ನೆನಪಾಗುತ್ತದೆ. ಅವನು ದೊಡ್ಡವನಾಗದೆ ಹೋಗಿದ್ದರೆ ಅವನ ಅಕ್ಕನಿಗೆ ಇದು ಗೊತ್ತಾಗಬೇಕಿತ್ತಲ್ಲ.

ನಾನು ಹೆಚ್ಚು ಮಾತಾಡುವವಳಲ್ಲ. ಅಪರಿಚಿತರನ್ನು ಬಸ್ಸಿನ ಹೊತ್ತು ಕೇಳಲೂ ಹಿಂಜರಿಯುತ್ತೇನೆ. ಆದರೂ ಕೇಳುತ್ತಾ ಹೋದೆ. ಗುಂಡ್ಲುಪೇಟೆ ಬಸ್ ನಿಲ್ದಾಣದ ಬಳಿ ಹೂ ಮಾರುವ ಅಜ್ಜಿಗೆ ತಂಗಿಯ ಗುರುತಿತ್ತು. ದಿನಾ ಎದುರಿನ ಅಂಗಡಿಯಿಂದ ತನಗೆ ಚಿಲ್ಲರೆ ತಂದುಕೊಡುತ್ತಿದ್ದಳು ಎಂದಳು. ಆ ಶನಿವಾರ ತಂದುಕೊಟ್ಟಿದ್ದಳಾ ಎಂದು ಕೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡಿ, "ತಂದ್ಕೊಟ್ಲು ಅಂದ್ಕೊ ಕಣವ್ವ" ಎಂದಳು. ಬಸ್ಸಿನ ಕಂಡಕ್ಟರು, ಅವತ್ತು ಮುದುಕಿಯೊಬ್ಬಳಿಗೆ ಸೀಟು ಬಿಟ್ಟುಕೊಟ್ಟಿದ್ದನ್ನು ತಾನೇ ಕಣ್ಣಾರೆ ಕಂಡೆ ಎಂದರು. ಆ ವಾರ ಅವರು ರಜೆಯಲ್ಲಿದ್ದರೆಂದು ಡ್ರೈವರು ಆಮೇಲೆ ಸಂಕೋಚದಿಂದ ಹೇಳಿದರು. ಶಾಲೆಯ ಬಿಸಿಯೂಟದ ಅಕ್ಕ ಸೊಪ್ಪು ಬಿಡಿಸಿಕೊಟ್ಟಳು ಎಂದರು, ಮರುವಾರ ಕೇಳಿದರೆ ಅಕ್ಕಿ ಆರಿಸಿಕೊಟ್ಟಳು ಎಂದರು. ನಾನು ಕೇಳಿದ ಯಾರೂ ಇಲ್ಲ ಎನ್ನಲಿಲ್ಲ. ಕೈಯೊಡ್ಡಿ ನಿಂತವಳನ್ನು ಬರಿಗೈಲಿ ಕಳಿಸಬಾರದೆಂದು ಊರೆಲ್ಲ ಮಾತಾಡಿಕೊಂಡ ಹಾಗಿತ್ತು.

ನಾನು ನಂಬಿದ್ದು ಒಬ್ಬಳನ್ನು ಮಾತ್ರ. ತಂಗಿಯ ತಂಡದ ಹುಡುಗಿ, ಭೀಮನಬೀಡಿನಿಂದ ಬರುತ್ತಿದ್ದವಳು, ಅವಳ ಪಕ್ಕದಲ್ಲೇ ಕೂರುತ್ತಿದ್ದವಳು. ಕೇಳಿದ ತಕ್ಷಣ ಉತ್ತರ ಹೇಳಲಿಲ್ಲ. ಅದಕ್ಕೇ ನಂಬಿದೆ. ತುಸು ಹೊತ್ತು ಬಿಟ್ಟು, ಆ ಶನಿವಾರ ಧ್ವಜ ಬಿಚ್ಚುವ ಸರದಿ ತಂಗಿಯದಾಗಿತ್ತು, ಅದನ್ನು ತನಗೆ ಬಿಟ್ಟುಕೊಟ್ಟಳು ಎಂದಳು.

ಮಡಿಸಿದ ಧ್ವಜದೊಳಗೆ ಹೂವಿನ ಎಸಳು ತುಂಬಿ ಕಟ್ಟಿ ಮೇಲೇರಿಸಿರುತ್ತಾರೆ. ಹಗ್ಗವನ್ನು ಒಮ್ಮೆ ಜಗ್ಗಿದರೆ ಗಂಟು ಬಿಚ್ಚಿ, ಎಸಳು ಉದುರಿ, ಧ್ವಜ ತೆರೆದುಕೊಳ್ಳಬೇಕು. ಎರಡನೇ ಸಲ ಜಗ್ಗುವುದು ಅವಮಾನ. ತಂಗಿ ಹಿತ್ತಿಲಿನ ಬಟ್ಟೆ ಹಗ್ಗದ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿದ್ದಳು. ಅದನ್ನು ಬಿಟ್ಟುಕೊಟ್ಟಳೆಂದರೆ ಸಣ್ಣದಲ್ಲ. ನಾನು ಮನೆಗೆ ಬಂದು ಅಪ್ಪಾಜಿಗೆ ಹೇಳಿದೆ. ಅವರು ಆವತ್ತು, ಎಷ್ಟೋ ದಿನಗಳ ಮೇಲೆ, ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದರು.

ಫೆಬ್ರವರಿಯಲ್ಲಿ ಪ್ರಪಂಚದ ಸ್ಕೌಟು, ಗೈಡುಗಳೆಲ್ಲ ಒಬ್ಬರನ್ನೊಬ್ಬರು ನೆನೆಯುವ ಚಿಂತನಾ ದಿನ ಬರುತ್ತದೆ. ಆ ದಿನ ಆ ಹುಡುಗಿ ಇದನ್ನು ಶಾಲೆಯ ಎದುರು ಹೇಳಲಿ, ಅಪ್ಪಾಜಿಯನ್ನೂ ಕರೆಯೋಣ ಎಂದು ಮೇಡಂ ಗೊತ್ತುಮಾಡಿದರು. ಅದಕ್ಕೆ ಕೆಲವು ದಿನ ಮುಂಚೆ, ನಾನು ಚಾಮರಾಜನಗರದಿಂದ ಬಂದು ಗುಂಡ್ಲುಪೇಟೆಯಲ್ಲಿ ಬೇಗೂರಿನ ಬಸ್ಸಿಗೆ ಕಾಯುತ್ತಿದ್ದಾಗ ಹುಡುಗಿ ನನ್ನ ಹತ್ತಿರ ಬಂದಳು. ಶಾಲೆ ಬಿಟ್ಟಾಗಿನಿಂದ ಅಲ್ಲೇ ನನಗಾಗಿ ಕಾದಿದ್ದಳಂತೆ. ಭೀಮನಬೀಡಿನ ಎರಡು ಬಸ್ಸು ಬಿಟ್ಟಿದ್ದಳು.

"ಅಕ್ಕ, ನಾನ್ ಸ್ಟೇಜ್ ಮೇಲೆ ಹೇಳಲ್ಲ."

ಹೆದರಬೇಡ, ನಾಲ್ಕು ಮಾತು ಸಾಕು ಎಂದೆ.

"ಅದು ಸುಳ್ಳು ಅಕ್ಕ. ಸರದಿ ನಂದೇ ಆಗಿತ್ತು. ಅವ್ಳು ಇದೊಂದ್ ಸಲ ಕೊಡೇ ಅಂತ ಕೇಳ್ಕೊಂಡ್ಲು. ನಾನೇ ಕೊಡ್ಲಿಲ್ಲ. ಆಮೇಲೆ ಅವ್ಳು ನನ್ನ ಹತ್ರ ಮಾತಾಡ್ಲಿಲ್ಲ. ಹಂಗೇ ಹೋದ್ಲು."

ಉಳಿದದ್ದನ್ನು ಅವಳು ನೆಲ ನೋಡುತ್ತಾ ಹೇಳಿದಳು. ನಾನು ಕೇಳಿದ ದಿನ ಅವಳದೇ ಸ್ಕಾರ್ಫಿನ ಗಂಟು ಇನ್ನೂ ಬಿಚ್ಚಿರಲಿಲ್ಲ. ನನಗೆ ಹಾಗೆ ಹೇಳಿದ್ದೇ ಆ ದಿನದ ಒಳ್ಳೆಯ ಕೆಲಸ ಎಂದುಕೊಂಡು ಬಿಚ್ಚಿದಳು. ಮನೆಗೆ ಹೋಗಿ ಮತ್ತೆ ಕಟ್ಟಿದಳು. ಗೈಡ್ ನಂಬಿಕೆಗೆ ಅರ್ಹಳು ಎನ್ನುವುದು ಮೊದಲನೇ ನಿಯಮವಲ್ಲವಾ ಅಕ್ಕ, ಉಪಕಾರ ಮಾಡೋದು ಅದಕ್ಕಿಂತ ದೊಡ್ಡದಾ ಎಂದು ಕೇಳಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳ ಬಸ್ಸು ಬಂದಾಗ ಹತ್ತಿಸಿದೆ. ಮೇಡಂಗೆ ಫೋನ್ ಮಾಡಿ, ಮನೆಯವರಿಗೆ ತಡೆದುಕೊಳ್ಳಲು ಆಗುವುದಿಲ್ಲ, ಕಾರ್ಯಕ್ರಮದಲ್ಲಿ ಅದೊಂದು ಬೇಡ ಎಂದು ಕೇಳಿಕೊಂಡೆ. ಅವರು ಮರುಮಾತಿಲ್ಲದೆ ಒಪ್ಪಿದರು.

ಬಸ್ಸಿನಲ್ಲಿ ನಾನು ಮತ್ತೆ ಮೊದಲಿನಿಂದ ಯೋಚಿಸುತ್ತಿದ್ದೆ. ಧ್ವಜದ ವಿಷಯವಲ್ಲದಿದ್ದರೆ ಇನ್ನೇನೋ. ಗಂಟು ಬಿಚ್ಚಿತ್ತಲ್ಲ. ಇನ್ನೂ ಯಾರನ್ನು ಕೇಳಿಲ್ಲ ಎಂದು ಮನಸ್ಸಿನಲ್ಲೇ ಎಣಿಸುತ್ತಾ ಮನೆಗೆ ಬಂದೆ.

ಅವ್ವ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಬ್ಯಾಗಿನಿಂದ ಸ್ಕಾರ್ಫನ್ನು ತಂದು ಅವಳ ಪಕ್ಕದಲ್ಲಿ ಕೂತು ಮತ್ತೆ ತುದಿಗಳನ್ನು ನೋಡುತ್ತಿದ್ದೆ. ಬಟ್ಟೆ ಸೋಪಿನ ವಾಸನೆ ಬರುತ್ತಿತ್ತು. ಅಷ್ಟು ದಿನ ನನಗೆ ಅದು ಏಕೆ ತಿಳಿಯಲಿಲ್ಲ ಎಂದು ಈಗಲೂ ಅರ್ಥವಾಗುವುದಿಲ್ಲ. ಒಗೆದೆಯಾ ಎಂದು ಕೇಳಿದೆ.

"ಊ ಕಣಮ್ಮಿ. ಶನಿವಾರ ಶನಿವಾರ ಒಗೀತಿದ್ನಲ್ಲ. ಮಗು ನಮ್ಮನ್ ಬುಟ್ಟೋದ್ ಮುಂದಿನ್ ಶನಿವಾರ ಕೈ ತಾನೇ ಬ್ಯಾಗಿಗೆ ಓಯ್ತು. ಒಗ್ದು, ಒಣಗ್ಸಿ, ಅಲ್ಲೇ ಮಡ್ಗ್ದೆ. ಸೋಮಾರ ಬೇಕಾಯ್ತದಲ್ಲ ಅನ್ಕೊಂಡೇ ಮಡ್ಗ್ದೆ ನೋಡು."

ಇನ್ನೊಂದು ಕಾಯಿ ಬಿಡಿಸುತ್ತಾ ಮತ್ತೆ ಹೇಳಿದಳು. "ತುದೀಲಿ ಒಂದ್ ಗಂಟಿತ್ತು. ಯಾವತ್ತೂ ಇರ್ತಿರ್ಲಿಲ್ಲ. ಬಿಗಿಯಾಗಿತ್ತು, ಬಾಯಲ್ಲಿ ಕಚ್ಚಿ ಬಿಚ್ದೆ. ಯಾಕಮ್ಮಿ, ಅದ್ರಲ್ಲಿ ಏನಾರ ಇತ್ತಾ?"

ನಾನು ಏನೂ ಇಲ್ಲ ಅವ್ವ ಎಂದೆ. ಅವರೆಕಾಯಿಯ ಮೊರವನ್ನು ನನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದೆ.

ಹಾಗಾದರೆ ಅಂದು ಯಾರೂ ಇರಲಿಲ್ಲ. ಬೆಳಿಗ್ಗೆ ಗೆಳತಿಯೊಡನೆ ಮುನಿಸಿಕೊಂಡು, ಯಾರಿಗೂ ಏನೂ ಮಾಡದೆ, ಗಂಟನ್ನು ಹಾಗೆಯೇ ಬ್ಯಾಗಿಗೆ ತುರುಕಿ ಅವಳು ಬಸ್ಸು ಹತ್ತಿದ್ದಳು. ತಪ್ಪೇನಿಲ್ಲ. ಹದಿಮೂರು ವರ್ಷದವಳು. ದಿನದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮುನಿಸು ಇಳಿದು, ಮಧ್ಯಾಹ್ನ ಮಲಗಿ ಎದ್ದು, ಏನಾದರೊಂದು ಮಾಡಿಯೇ ಮಾಡುತ್ತಿದ್ದಳು. ನನ್ನನ್ನು ಒಳಗೊಳಗೇ ಸುಡುವುದು ಅವಳು ಮಾಡದೆ ಉಳಿದ ಆ ಕೆಲಸವಲ್ಲ. ಅವಳಿಗೆ ಸಿಗದೆಹೋದ ಆ ಮಧ್ಯಾಹ್ನ.

ಚಿಂತನಾ ದಿನಕ್ಕೆ ನಾವು ಹೋಗಲಿಲ್ಲ. ಅಪ್ಪಾಜಿಗೆ ನಾನು ಏನನ್ನೂ ಹೇಳಲಿಲ್ಲ. ಮೊನ್ನೆ ಭಾನುವಾರ ಅವರಿಗೆ ಊಟ ತೆಗೆದುಕೊಂಡು ಅಂಗಡಿಗೆ ಹೋದಾಗ ರೈತನೊಬ್ಬ ಸೂರ್ಯಕಾಂತಿ ಬೀಜಕ್ಕೆ ಬಂದು ನಿಂತಿದ್ದ. ದೂರದ ಹಳ್ಳಿಯವನು, ಸುದ್ದಿ ಈಗಷ್ಟೇ ಕೇಳಿದನಂತೆ. ಅಪ್ಪಾಜಿ ಹೇಳುತ್ತಿದ್ದರು. ಈಗ ಅವರು ಅದನ್ನು ಬಹಳ ಚೆನ್ನಾಗಿ ಹೇಳುತ್ತಾರೆ. ವಾರಗಟ್ಟಲೆ ಹಿತ್ತಿಲಲ್ಲಿ ಅಭ್ಯಾಸ ಮಾಡಿದ್ದು, ಬೆಳಿಗ್ಗೆ ತಾನೇ ಬೂಟಿಗೆ ಪಾಲಿಶ್ ಹಾಕಿಕೊಂಡದ್ದು, ಎಸಳು ಉದುರಿದ್ದು ಎಲ್ಲವೂ ಅದರಲ್ಲಿದೆ.

"ಬಾವುಟ ಬಿಚ್ಚೋದು ನನ್ ಮಗಳ್ ಸರದಿ. ಗೆಳತಿ ಆಸೆಪಟ್ಲು ಅಂತ ಅವ್ಳಿಗೇ ಬುಟ್ಕೊಟ್ಬುಟ್ಲು. ತಾನು ಪಕ್ಕದಲ್ಲಿ ನಿಂತು ಸಲ್ಯೂಟ್ ಒಡುದ್ಲು." ನನ್ನ ಕಡೆ ತಿರುಗಿದರು. "ಅಲ್ವೇನಮ್ಮಿ?"

"ಹೌದು ಅಪ್ಪಾಜಿ" ಎಂದೆ.

ದೊಡ್ಡ ಮನಸ್ಸು ಮಗೀಗೆ ಎಂದ ರೈತ. ಬೀಜದ ಪೊಟ್ಟಣ ಕೈಗೆ ಬಂದಿದ್ದರೂ ಅವನು ಹೊರಡಲಿಲ್ಲ. ಅಪ್ಪಾಜಿ ಸ್ಟೂಲನ್ನು ಅವನ ಕಡೆಗೆ ಸರಿಸಿದರು. ನಾನು ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅವರು ಹೇಳಿ ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.