ನರನ ನರ ಕಾಯುವ ಬಾಹುಲೇಯನ್

ಬೆಳಗಿನ ಐದೂವರೆ. ತ್ರಿಶೂರಿನಾಚೆಯ ವೈದ್ಯಕೀಯ ಕಾಲೇಜೊಂದರ ಅಂಗರಚನಾ ವಿಭಾಗ. ಉಕ್ಕಿನ ಮೇಜಿನ ಮೇಲಿನ ಬಟ್ಟೆ ಸರಿಸುತ್ತ ಬಾಹುಲೇಯನ್, "ಮಾಷೇ, ಏಳ್ಬೇಡಿ, ನಾನೇ" ಎನ್ನುತ್ತಾರೆ. ಮಲಗಿರುವವರು ಅಪ್ಪುಣ್ಣಿ ಮಾಷ್, ದೇಹದಾನ ಮಾಡಿದ ಗಣಿತದ ಮೇಷ್ಟ್ರು. ಹನ್ನೊಂದು ವರ್ಷ ಬಾಹುಲೇಯನ್ ಎದುರು ಕೂತು ಚದುರಂಗ ಆಡಿದವರು ಊರಲ್ಲಿ ಇವರೊಬ್ಬರೇ. ಉಳಿದವರಿಗೆ ಇವರ ಮೈಗಂಟಿದ, ಹೆಣ ಕೆಡದಂತಿಡುವ ಫಾರ್ಮಲಿನ್ನಿನ ವಾಸನೆ ಆಗದು.

ಇಪ್ಪತ್ತಾರು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ದೇಹಗಳು ಕೆಡದಂತೆ ಕಾದ ಕೈ ಬಾಹುಲೇಯನ್ ಅವರದು. ಮದುವೆಯೂಟಕ್ಕೆ ಹೋದರೆ ಪಕ್ಕದ ಎಲೆ ಖಾಲಿ. "ನನ್ನ ಪಕ್ಕ ಕೂತ್ರೆ ಪಾಯಸಾನೂ ವರ್ಷಗಟ್ಲೆ ಕೆಡಲ್ಲ ಅಂದೆ. ಯಾರೂ ನಗ್ಲಿಲ್ಲ."

ಬೇರೆಡೆ ಗಾಢ ಫಾರ್ಮಲಿನ್ನನ್ನು ಪಂಪಿನಲ್ಲಿ ನುಗ್ಗಿಸಿ ಒಂದೇ ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ. ಬಾಹುಲೇಯನ್ ತೆಳು ದ್ರಾವಣಕ್ಕೆ ಗ್ಲಿಸರಿನ್ ಬೆರೆಸಿ, ಡಬ್ಬವನ್ನು ನಾಲ್ಕಡಿ ಮೇಲೆ ತೂಗಿ, ತೊಡೆಯ ರಕ್ತನಾಳದೊಳಕ್ಕೆ ಒಂಬತ್ತು ಗಂಟೆ ಇಳಿಯಬಿಡುತ್ತಾರೆ. ಮೊದಲ ವರ್ಷ ಅವರೂ ಅವಸರಪಟ್ಟಿದ್ದರು. ಸಣ್ಣ ನಾಳಗಳು ತಟ್ಟನೆ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡವು. ಮೈಯೆಲ್ಲ ಮರಗಟ್ಟಿತು, ದ್ರಾವಣ ತಲುಪದೆ ಬೆರಳ ತುದಿಯ ನರ ಮಾತ್ರ ಕೊಳೆಯಿತು. ಅಂದಿನಿಂದ ದ್ರಾವಣ ಇಳಿಯುವಷ್ಟೂ ಹೊತ್ತು ಒಂದೊಂದೇ ಬೆರಳು ತಿಕ್ಕುತ್ತ ಕೂರುತ್ತಾರೆ.

ವಿಭಾಗದ ಮುಖ್ಯಸ್ಥರಿಗೆ ಇದು ಸರಿಬರದು. ಪಂಪೊಂದನ್ನು ತರಿಸಿ ಒಂದು ದೇಹಕ್ಕೆ ಹಾಕಿಸಿಯೂ ಆಗಿದೆ. ಅವರ ಮೂಗುದನಿಯನ್ನು ಬಾಹುಲೇಯನ್ ಥೇಟ್ ಹಾಗೇ ಅಣಕಿಸುತ್ತಾರೆ: "ಬಾಹುಲೇಯಾ, ಇದೇನಯ್ಯಾ, ಹೆಣಾನೋ, ಎಣ್ಣೆ ನೀರು ಹಾಕೋ ಕೂಸೋ? ಈ ಸಲ ನರ ನೆಟ್ಟಗೆ ಬರ್ಲಿಲ್ಲ ಅಂದ್ರೆ ನಾಳೆಯಿಂದ್ಲೇ ಪಂಪು!"

ಆಮೇಲೆ ತಮ್ಮದೇ ದನಿಗೆ ಮರಳಿ ಮೆಲ್ಲಗೆ ಸೇರಿಸುತ್ತಾರೆ: "ಮಾಷ್‌ಗೆ ಮಾತು ಕೊಟ್ಟಿದೀನಿ, ನಿಮ್ಮ ಮೈ ವ್ಯರ್ಥ ಆಗಲ್ಲ ಅಂತ."

ಎಂಟಕ್ಕೆ ಸಂಶೋಧಕಿ ಡಾಕ್ಟರ್ ರೋಸ್‌ಲಿನ್ ಬರುತ್ತಾರೆ. ಕಳೆದ ವಾರವೇ ಬೆರಳ ನರದ ಚೂರು ತೆಗೆದು ಎರಡು ಗಾಜಿನ ಪಟ್ಟಿ ಸಿದ್ಧಪಡಿಸಿದ್ದಾರೆ. ಒಂದು ಪಂಪು ಹಾಕಿದ ದೇಹದ್ದು, ಇನ್ನೊಂದು ಮಾಷ್‌ದು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದಾದ ಮೇಲೊಂದು ಪಟ್ಟಿ ಸರಿಸಿ ನೋಡುತ್ತಾರೆ. ಬಾಹುಲೇಯನ್ ಒರೆಸಿದ ಮೇಜನ್ನೇ ಒರೆಸುತ್ತಾರೆ.

"ಬಾಹುಲೇಯೇಟ್ಟಾ, ಇಲ್ಲಿ ಬನ್ನಿ." ರೋಸ್‌ಲಿನ್‌ಗೆ ಅವರು ಏಟ್ಟನ್, ಅಂದರೆ ಅಣ್ಣ. "ಇದು ಪಂಪಿಂದು. ಪೊರೆಯೆಲ್ಲ ಸುಕ್ಕು, ನಡುನಡುವೆ ಬಿರುಕು."

"ನರಕ್ಕೇ ನರಕ. ಮಾಷ್‌ದು?"

"ನೀವೇ ನೋಡಿ."

ತುಂಬಿದ ಜೇನುಹುಟ್ಟಿನಂತೆ ಒತ್ತೊತ್ತಾಗಿ ದುಂಡು ದುಂಡು ಉಂಗುರಗಳು. ಒಂದೂ ಮುದುಡಿಲ್ಲ.

"ಗಣಿತದ ಮೇಷ್ಟ್ರಲ್ವಾ, ಸೊನ್ನೇನೂ ಅಚ್ಚುಕಟ್ಟು" ಎನ್ನುತ್ತಾರೆ ಬಾಹುಲೇಯನ್. ಕಣ್ಣು ಮಾತ್ರ ಬೇಗ ತೆಗೆಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಂಪು ಉಗ್ರಾಣ ಸೇರುತ್ತದೆ. ಮುಖ್ಯಸ್ಥರು ಬಾಗಿಲಲ್ಲೇ ನಿಂತು ಸೈ ಎಂಬಂತೆ ತಲೆಯಾಡಿಸಿ ಹೋಗುತ್ತಾರೆ. ಎಲ್ಲರೂ ಒಟ್ಟಾಗಿ ಊಟಕ್ಕೆ ನಡೆಯುತ್ತಾರೆ, ಬಾಹುಲೇಯನ್ ಒಬ್ಬರನ್ನು ಬಿಟ್ಟು.

ಇನ್ನೇನು ಆಸೆ ಎಂದು ಕೇಳಿದರೆ ಬಾಹುಲೇಯನ್ ಕೈ ತೊಳೆಯುತ್ತಲೇ ಹೇಳುತ್ತಾರೆ: "ನಾನೂ ದೇಹದಾನಕ್ಕೆ ಬರ್ದುಕೊಟ್ಟಿದೀನಿ. ಮಾಷ್‌ಗಾದ್ರೆ ನಾನಿದ್ದೆ. ನನ್ನ ಬೆರಳು ನಾನೇ ತಿಕ್ಕೋಕಾಗುತ್ತಾ? ಅವಸರ ಇಲ್ದೋನು ಯಾರಾದ್ರೂ ಒಬ್ಬ ಸಿಕ್ರೆ ಸಾಕು. ಒಂಬತ್ತು ಗಂಟೆ ನನ್ನ ಕೈ ಹಿಡ್ಕೊಂಡು ಕೂತಿರ್ತಾನಲ್ಲ."