ಒಳಗಿನ ಒಲೆಯ ಗಂಜಿ

ಹೋಟೆಲಿನವನ ಹೆಂಡತಿ ಪ್ರಯಾಣಕ್ಕೆ ಗಂಜಿ ಕಟ್ಟಿಕೊಂಡು ಹೊರಟಿದ್ದಾಳೆ ಎಂದು ಅಹಮದಾಬಾದಿನಲ್ಲಿದ್ದ ನಮ್ಮ ಕಡೆಯವರೆಲ್ಲ ನಕ್ಕರು. ನಗಲಿ. ಕಾಮಾಲೆ ಬಂದದ್ದು ಅವರ ಗಂಡಂದಿರಿಗಲ್ಲ, ನನ್ನ ಗಂಡನಿಗೆ.

ಗುಜರಾತು ಬೇರೆ ರಾಜ್ಯವಾಗಿ ನಾಲ್ಕೈದು ವರ್ಷವಾಗಿತ್ತು. ಮಿಲ್ಲಿನ ಗೇಟಿನ ಎದುರು ನಮ್ಮದೊಂದು ಸಣ್ಣ ಇಡ್ಲಿ ದೋಸೆಯ ಹೋಟೆಲು. ಆ ಮಳೆಗಾಲದಲ್ಲಿ ಇವರ ಕಣ್ಣು, ಉಗುರು ಎಲ್ಲ ಹಳದಿಯಾಗಿ ಹಾಸಿಗೆ ಹಿಡಿದರು. ನೆಲನೆಲ್ಲಿಯ ರಸ ಕುಡಿಸಿದೆ, ಡಾಕ್ಟರ ಮಾತನ್ನೂ ಕೇಳಿದೆ. ಎಣ್ಣೆ, ಖಾರ, ಕರಿದದ್ದು ಮುಟ್ಟಬಾರದು, ಮರುಕಳಿಸಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಇವರ ಮುಖ ನೋಡಿ ಹೇಳಿ ಪ್ರಯೋಜನವಿಲ್ಲ ಎಂದು ಅವರಿಗೂ ತಿಳಿದಿತ್ತು.

ಅಷ್ಟರಲ್ಲಿ ಸೂರತ್ತಿನಿಂದ ಭಾವನ, ಎಂದರೆ ಇವರ ಅಣ್ಣನ, ಕರೆ ಬಂತು. ಹೊಸ ಹೋಟೆಲು ತೆರೆದಿದ್ದರು. ತಮ್ಮ ಬಂದು ನೋಡದಿದ್ದರೆ ಹೇಗೆ? ಇವರು ಹೊರಟೇಬಿಟ್ಟರು. ನಾನೂ ಹೊರಟೆ, ಗಂಜಿಯ ಪಾತ್ರೆಯ ಸಮೇತ.

ನಮ್ಮ ಹೋಟೆಲಿನವರದ್ದು ಒಂದು ವಿಚಿತ್ರ ರೂಢಿ. ಒಬ್ಬನ ಹೋಟೆಲಿಗೆ ಇನ್ನೊಬ್ಬ ಹೋದರೆ, ಆ ದಿನ ಮಾಡಿದ್ದೆಲ್ಲ ಒಂದೊಂದು ಪ್ಲೇಟು ಬಂದು ಎದುರು ಕೂರಬೇಕು. ತಿನ್ನದಿದ್ದರೆ ಅವನ ಒಲೆಗೆ ಅವಮಾನ. ಮನೆಯ ಬುತ್ತಿ ಬಿಚ್ಚಿದರಂತೂ ಆಯುಷ್ಯವಿಡೀ ಮಾತಿಲ್ಲ. ರೈಲಿನಲ್ಲಿ ನೋಡಿದರೆ ಗುಜರಾತಿಗಳು ಡಬ್ಬಿ ತುಂಬ ಥೇಪ್ಲಾ ಎಂಬ ಎಣ್ಣೆ ಹಚ್ಚಿದ ಮೆಂತ್ಯದ ರೊಟ್ಟಿ, ಕೂಜದಲ್ಲಿ ನೀರು, ಎಲ್ಲ ಮನೆಯಿಂದಲೇ ತಂದಿದ್ದರು. ಅವರನ್ನು ನೋಡಿ ಯಾರೂ ನಗಲಿಲ್ಲ. ಎದುರು ಕೂತ ಹೆಂಗಸು ನಮಗೂ ಥೇಪ್ಲಾ ನೀಡಿದಳು. ಇವರು ಕೈ ಚಾಚಿದರು. ನಾನು ಇವರ ಹಳದಿ ಕಣ್ಣು ತೋರಿಸಿದೆ. ಅವಳು ಕೂಡಲೇ ಡಬ್ಬಿ ಮುಚ್ಚಿದಳು. ಬುದ್ಧಿವಂತೆ.

ವಡೋದರಾದಲ್ಲಿ ಇಳಿಯಬೇಕಾಗಿರಲಿಲ್ಲ. ಸ್ಟೇಷನ್ನಿನ ಹತ್ತಿರ ಇವರ ಊರಿನ ಸ್ನೇಹಿತನ ಹೋಟೆಲಿದೆ, ಮುಖ ತೋರಿಸಿ ಮುಂದಿನ ರೈಲು ಹಿಡಿಯೋಣ ಎಂದರು. ಮುಖ ತೋರಿಸಿದ್ದೇ ತಡ, ಮಸಾಲೆ ದೋಸೆ, ಬೋಂಡ, ಹಲ್ವ ಬಂದು ಕೂತವು. ನಾನು ಪಾತ್ರೆಯ ಮುಚ್ಚಳ ತೆಗೆದೆ. ಆ ಸ್ನೇಹಿತ ಬಗ್ಗಿ ನೋಡಿ, "ಎಂತ ಅಕ್ಕ, ನನ್ನ ಅಡುಗೆಯವ ಸತ್ತ ಅಂತ ಎಣಿಸಿದ್ರಾ?" ಎಂದ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಇವರೂ ನಕ್ಕು ದೋಸೆಗೆ ಕೈ ಹಾಕಿದರು. ಒಂದು ದೋಸೆಗೆ ಎಂತ ಆಗ್ತದೆ ಮಾರಾಯ್ತಿ ಎಂದು ನನಗೇ ಉಪದೇಶ.

ಎಂತ ಆಗ್ತದೆ ಎಂದು ಭರೂಚ್ ದಾಟುವ ಮೊದಲೇ ಗೊತ್ತಾಯಿತು. ಕಿಟಕಿಯ ಸರಳು ಹಿಡಿದು ಕಾರಿಕೊಂಡರು. ಬೆವರಿ, ತುಟಿ ಬಿಳಿಚಿ, ನನ್ನ ಹೆಗಲಿಗೆ ಒರಗಿ ಬಿದ್ದರು. ಸಮಾಧಾನ ಹೇಳುವ ಮನಸ್ಸು ನನಗೆ ಬರಲಿಲ್ಲ. ಮುಂದಿನ ಪ್ಲೇಟು ಯಾರು ತಂದರೂ ಸರಿ, ಅವರ ಮರ್ಯಾದೆ ಹೋದರೂ ಸರಿ, ಈ ಬಾಯಿಗೆ ಹೋಗಬಾರದು ಎಂದು ಗಟ್ಟಿಮಾಡಿಕೊಂಡೆ.

ಸೂರತ್ತಿಗೆ ಮುಟ್ಟುವಾಗ ಆ ಸೆಕೆಗೆ ನನ್ನ ಗಂಜಿ ಹುಳಿಯಾಗಿತ್ತು. ಭಾವ ಬಾಗಿಲಿಗೇ ಬಂದು ತಮ್ಮನನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಮೇಜಿಗೆ ಕೂರಿಸಿದರು. ಮತ್ತೆ ಅದೇ ಮೆರವಣಿಗೆ. ಬಾಳೆಎಲೆಯ ಮೇಲೆ ಎಣ್ಣೆ ಸೋರುವ ಗೋಳಿಬಜೆ, ಪೂರಿ, ಕೆಂಪು ಚಟ್ನಿ. ಇವರು ನನ್ನನ್ನೇ ನೋಡುತ್ತಿದ್ದರು.

ನಾನು ಎಲೆಯನ್ನು ಆಚೆ ಸರಿಸಿದೆ.

"ಭಾವ, ಇದರಲ್ಲಿ ನೀವು ಯಾವುದು ತಿಂತೀರಿ?"

ಅವರು ಗಿರಾಕಿಗಳ ಕಡೆ ತಿರುಗಿ ನೋಡಿದರು. ಹೋಟೆಲಿನ ಯಜಮಾನ ತನ್ನ ಹೋಟೆಲಿನ ತಿಂಡಿ ಮುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಮೇಲೆ ಯಜಮಾನನೂ ಅಡುಗೆಯವನೂ ಒಳಗಿನ ಒಲೆಯ ಬದಿಯಲ್ಲಿ ಕೂತು ಉಣ್ಣುವುದು ಊರಿನಿಂದ ತರಿಸಿದ ಕುಚ್ಚಲಕ್ಕಿಯ ಗಂಜಿ.

"ನೀವು ಒಳಗೆ ಎಂತ ಉಣ್ತೀರೋ, ಅದನ್ನೇ ನಿಮ್ಮ ತಮ್ಮನಿಗೂ ಕೊಡಿ," ಎಂದೆ.

"ಮೆಲ್ಲ ಮಾತಾಡು ಮಾರಾಯ್ತಿ, ಗಿರಾಕಿಗಳಿದ್ದಾರೆ."

"ಸೂರತ್ತಿನ ಗಿರಾಕಿಗಳಿಗೆ ಕನ್ನಡ ಎಲ್ಲಿ ಬರ್ತದೆ ಭಾವ?"

ಒಳಗೆ ಅಡುಗೆಯವ ಕೆಮ್ಮಿದ. ನಕ್ಕದ್ದೇ ಇರಬೇಕು. ದೂರದಿಂದ ಬಂದ ತಮ್ಮನನ್ನು ಕೆಲಸದವರ ಸಾಲಿನಲ್ಲಿ ಕೂರಿಸಿದರೆ ಊರಿನವರು ಎಂತ ಹೇಳಿಯಾರು ಎಂದು ಭಾವ ಹಲ್ಲು ಕಚ್ಚಿಕೊಂಡು ಕೇಳಿದರು. ತಮ್ಮನ ಹೆಣ ಕಳಿಸಿದರೆ ಎಂತ ಹೇಳಿಯಾರು ಎಂದು ನಾನೂ ಕೇಳಿದೆ. ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ಇವರ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಮಣೆ ಹಾಕಿ ಕೂರಿಸಿದೆ. ಅಡುಗೆಯವ ತಾನಾಗಿಯೇ ಗಂಜಿ ಬಡಿಸಿದ. ಬಿಸಿಯಾಗಿತ್ತು, ಉಪ್ಪು ಹದವಾಗಿತ್ತು. ಇವರು ತಲೆ ತಗ್ಗಿಸಿ ಸುರ್ರೆಂದು ತಿಳಿ ಹೀರಿದರು. ವಾಂತಿ ಬರಲಿಲ್ಲ. ಇನ್ನೊಂದು ಸೌಟು ಕೇಳಿದರು.

ಸ್ವಲ್ಪ ಹೊತ್ತಿಗೆ ಭಾವ ಬಂದರು. ಅವರ ಗಂಜಿಯ ಹೊತ್ತೂ ಅದೇ, ಕೂರಲು ಬೇರೆ ಜಾಗವಿಲ್ಲ. ನನಗೆ ಬೆನ್ನು ಹಾಕಿ ತಮ್ಮನ ಪಕ್ಕ ಕೂತರು. ಉಣ್ಣುತ್ತ ಉಣ್ಣುತ್ತ ಅಡುಗೆಯವನಿಗೆ, ಇವನಿಗೆ ಮಿಡಿ ಉಪ್ಪಿನಕಾಯಿ ಹಾಕು, ಊರಿನದ್ದು ಎಂದರು.

ನಾನು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದು, ಉಪ್ಪಿನಕಾಯಿಯೂ ಬೇಡ ಎಂದೆ.